ರೇಡ್‌ನಿಂದ ತೆಗೆದ ಡಿಸ್ಕ್ ವಾಪಸ್ ಸೇರುತ್ತಿಲ್ಲ, "ಬಿಜಿ" ಅನ್ನುತ್ತಿದೆ

ಪ್ರಶ್ನೆ: ನಮಸ್ತೆ ಸರ್. ಲಿನಕ್ಸ್ ಸರ್ವರ್‌ನಲ್ಲಿ ಸಾಫ್ಟ್‌ವೇರ್ ರೇಡ್-1 (ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾ ಇಡುವ ವ್ಯವಸ್ಥೆ) ಇದೆ, 4 ಟಿಬಿಯ ಎರಡು ಡಿಸ್ಕ್. ಒಂದು ಆಗಾಗ ಕೈಕೊಡುತ್ತಿತ್ತು. ಅದನ್ನು ಅರೇಯಿಂದ (ರೇಡ್ ಡಿಸ್ಕ್ ಗುಂಪಿನಿಂದ) ತೆಗೆದು, ಕೇಬಲ್ ಬದಲಿಸಿ, ಮತ್ತೆ ಆನ್ ಮಾಡಿದೆ. ಈಗ ಎಸ್‌ಡಿಬಿ1 (ಆ ಡಿಸ್ಕಿನ ಪಾರ್ಟಿಷನ್) ಅನ್ನು ಎಂಡಿ0 ಅರೇಗೆ ಸೇರಿಸಲು ಹೋದರೆ "ಡಿವೈಸ್ ಆರ್ ರಿಸೋರ್ಸ್ ಬಿಜಿ" ಅಂತ ಬರುತ್ತದೆ. ಎಲ್ಲೂ ಮೌಂಟ್ ಆಗಿಲ್ಲ. ಸೂಪರ್‌ಬ್ಲಾಕ್ (ಡಿಸ್ಕಿನಲ್ಲಿರುವ ರೇಡ್ ಮಾಹಿತಿ) ಅಳಿಸಿ ಹೊಸದಾಗಿ ಸೇರಿಸಿಬಿಡಲಾ?

ಉತ್ತರ: ಬೇಡ, ಸದ್ಯಕ್ಕೆ ಏನೂ ಅಳಿಸಬೇಡಿ. ಆ ಡಿಸ್ಕನ್ನು ಯಾರು ಹಿಡಿದಿಟ್ಟಿದ್ದಾರೆ ಅಂತ ಮೊದಲು ನೋಡೋಣ. ಪ್ರಾಕ್ ಫೋಲ್ಡರಿನ ಎಂಡಿಸ್ಟ್ಯಾಟ್ ಫೈಲನ್ನು (ಅರೇಗಳ ಸ್ಥಿತಿ ತೋರಿಸುತ್ತದೆ) ಪೂರ್ತಿ ಓದಿ, ಎಂಡಿ0 ಸಾಲು ನೋಡಿ ಅಲ್ಲಿಗೇ ನಿಲ್ಲಿಸಬೇಡಿ. ಕೆಳಗೆಲ್ಲೋ ಎಂಡಿ127 ಅಂತ ಇನ್ನೊಂದು ಅರೇ ಕಾಣಿಸಿದರೆ ಕಳ್ಳ ಸಿಕ್ಕ ಹಾಗೆ.

ಆಗುವುದು ಇಷ್ಟೇ. ಬೂಟ್ ಆಗುವಾಗ ಯುಡೆವ್ (ಡಿಸ್ಕ್ ಮುಂತಾದ ಸಾಧನ ಗುರುತಿಸುವ ಲಿನಕ್ಸ್ ಸೇವೆ) ಆ ಡಿಸ್ಕಿನಲ್ಲಿ ರೇಡ್ ಗುರುತು ನೋಡುತ್ತದೆ. ಮಾಹಿತಿ ಹಳೆಯದು, ಎಂಡಿ0 ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅದು ಬೇರೆ ಅರೇ ಆಗಿ ಕೂತುಬಿಡುತ್ತದೆ. ಮೌಂಟ್ ಆಗಿರದಿದ್ದರೂ ಕರ್ನಲ್ ಪಾಲಿಗೆ ಅದು ಬಿಜಿ. ಎಂಡಿಆ್ಯಡಮ್‌ಗೆ (ರೇಡ್ ನಿರ್ವಹಿಸುವ ಕಮಾಂಡ್) ಸ್ಟಾಪ್ ಕೊಟ್ಟು ಎಂಡಿ127 ನಿಲ್ಲಿಸಿ, ಆಮೇಲೆ ರೀ-ಆ್ಯಡ್ ಮಾಡಿ, ಅಂದರೆ ಹಳೆಯ ಸದಸ್ಯನಾಗಿಯೇ ವಾಪಸ್ ಸೇರಿಸಿ. ನಿಲ್ಲಿಸುವ ಮುಂಚೆ ಎಂಡಿ127 ಎಲ್ಲೂ ಮೌಂಟ್ ಆಗಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಅದರಲ್ಲಿರುವುದು ಹಳೆಯ ಡೇಟಾ.

ಪ್ರಶ್ನೆ: ನೀವು ಹೇಳಿದ ಹಾಗೇ ಎಂಡಿ127 ಇತ್ತು ಸರ್, ನಿಲ್ಲಿಸಿದೆ. ಬಿಜಿ ಹೋಯಿತು. ಆದರೆ ಈಗ "ರೀ-ಆ್ಯಡ್ ಸಾಧ್ಯವಿಲ್ಲ" ಅನ್ನುತ್ತಿದೆ.

ಉತ್ತರ: ಎರಡೂ ಪಾರ್ಟಿಷನ್‌ಗಳ ಮೇಲೆ ಎಂಡಿಆ್ಯಡಮ್‌ನ ಎಕ್ಸಾಮಿನ್ ಓಡಿಸಿ "ಈವೆಂಟ್ಸ್" (ಅರೇಯ ಬದಲಾವಣೆಗಳ ಎಣಿಕೆ) ಸಂಖ್ಯೆ ಹೋಲಿಸಿ. ಡಿಸ್ಕ್ ಹೊರಗಿದ್ದಾಗ ಅರೇ ಕೆಲಸ ಮಾಡುತ್ತಲೇ ಇತ್ತು ಅಲ್ವಾ, ಸಂಖ್ಯೆ ಮುಂದೆ ಹೋಗಿರುತ್ತದೆ. ನಡುವೆ ಯಾವ ಭಾಗ ಬದಲಾಯಿತು ಅನ್ನುವ ಲೆಕ್ಕ ರೈಟ್-ಇಂಟೆಂಟ್ ಬಿಟ್‌ಮ್ಯಾಪ್‌ನಲ್ಲಿ ಇರುತ್ತದೆ. ಬಿಟ್‌ಮ್ಯಾಪ್ ಇದ್ದರೆ ಅಷ್ಟು ಭಾಗ ಮಾತ್ರ ಕಾಪಿ ಆಗಿ ಬೇಗ ಮುಗಿಯುತ್ತದೆ. ನಿಮ್ಮ ಅರೇಯಲ್ಲಿ ಅದು ಇಲ್ಲ ಅನ್ನಿಸುತ್ತದೆ. ಎಂಡಿಸ್ಟ್ಯಾಟ್‌ನಲ್ಲಿ "ಬಿಟ್‌ಮ್ಯಾಪ್" ಸಾಲು ಕಾಣದಿದ್ದರೆ ಇಲ್ಲ ಅಂತಲೇ ಅರ್ಥ. ಆಗ ಪೂರ್ತಿ ರೀಬಿಲ್ಡ್ ಒಂದೇ ದಾರಿ.

ಅದಕ್ಕೆ ಮುಂಚೆ ಸ್ಮಾರ್ಟ್‌ಸಿಟಿಎಲ್‌ನಲ್ಲಿ (ಡಿಸ್ಕಿನ ಆರೋಗ್ಯ ತೋರಿಸುವ ಕಮಾಂಡ್) ಎರಡೂ ಡಿಸ್ಕ್ ನೋಡಿ. 5 ಮತ್ತು 197ನೇ ಗುಣಗಳು, ಅಂದರೆ ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರ್, ಸೊನ್ನೆ ಇರಬೇಕು. 199 ಸಿಆರ್‌ಸಿ ಎರರ್, ಹೆಚ್ಚಾಗಿ ಕೇಬಲ್ ತೊಂದರೆ. ಆ ಸಂಖ್ಯೆ ಇಳಿಯುವುದಿಲ್ಲ, ಹೊಸ ಕೇಬಲ್ ಹಾಕಿದ ಮೇಲೂ ಏರುತ್ತಿದೆಯಾ ಅಂತ ನೋಡಿ ಸಾಕು. ನನಗೆ ಜಾಸ್ತಿ ಚಿಂತೆ ಚೆನ್ನಾಗಿರುವ ಡಿಸ್ಕಿನದು. ರೀಬಿಲ್ಡ್‌ನಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೂ ಓದಬೇಕು. ಓದುವಾಗ ಅದು ಮುಗ್ಗರಿಸಿದರೆ ಇನ್ನೊಂದು ಪ್ರತಿ ಇಲ್ಲ. ಬ್ಯಾಕಪ್ ಮೊದಲು.

ಆಮೇಲೆ ಸೂಪರ್‌ಬ್ಲಾಕ್ ಅಳಿಸಿ ಆ್ಯಡ್ ಕೊಡಿ. ಅಳಿಸುವ ಮುಂಚೆ ಸೀರಿಯಲ್ ನಂಬರ್ ತಾಳೆ ನೋಡಿ. ರೀಬೂಟ್ ಆದಾಗ ನಿನ್ನೆಯ ಎಸ್‌ಡಿಬಿ ಇವತ್ತು ಎಸ್‌ಡಿಎ ಆಗಿರಬಹುದು.

ಇನ್ನೊಬ್ಬ ಸದಸ್ಯರು: ಕ್ರಿಯೇಟ್ ಜೊತೆ ಅಸ್ಯೂಮ್-ಕ್ಲೀನ್ ಹಾಕಿದರೆ ಸಿಂಕ್ ಆಗದೆ ತಕ್ಷಣ ಮುಗಿಯುತ್ತದಲ್ಲಾ?

ಉತ್ತರ: ದಯವಿಟ್ಟು ಆ ಕೆಲಸ ಬೇಡ. ಎರಡು ಡಿಸ್ಕಿನಲ್ಲಿ ಬೇರೆ ಬೇರೆ ಡೇಟಾ ಇಟ್ಟುಕೊಂಡು "ಎರಡೂ ಒಂದೇ" ಅಂತ ಕರ್ನಲ್‌ಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಒಮ್ಮೆ ಹೊಸದು, ಒಮ್ಮೆ ಹಳೆಯದು ಓದಿ ಫೈಲ್‌ಸಿಸ್ಟಮ್ ಕೆಡುತ್ತದೆ.

ಪ್ರಶ್ನೆ: ಬ್ಯಾಕಪ್ ತೆಗೆದುಕೊಂಡು ಆ್ಯಡ್ ಕೊಟ್ಟೆ, ರೀಬಿಲ್ಡ್ ಶುರುವಾಗಿದೆ. ಆದರೆ ತುಂಬಾ ನಿಧಾನ.

ಉತ್ತರ: ಸೆಕೆಂಡಿಗೆ 150 ಎಂಬಿ ಸಿಕ್ಕರೂ 4 ಟಿಬಿಗೆ ಏಳು ಗಂಟೆ ಮೀರುತ್ತದೆ. ಬೇರೆ ಕೆಲಸ ನಡೆಯುತ್ತಿದ್ದರೆ ಕರ್ನಲ್ ಸಿಂಕನ್ನು ಬೇಕೆಂದೇ ಹಿಂದಿಡುತ್ತದೆ. ಸ್ಪೀಡ್-ಲಿಮಿಟ್-ಮಿನ್ (ಸಿಂಕ್‌ನ ಕನಿಷ್ಠ ವೇಗ) ಡೀಫಾಲ್ಟ್ ಆಗಿ ಸೆಕೆಂಡಿಗೆ 1000 ಕೆಬಿ ಮಾತ್ರ. 50000 ಮಾಡಿ ನೋಡಿ, ಬಳಕೆದಾರರು ಗೊಣಗಿದರೆ ಇಳಿಸಿ.

ಸಿಂಕ್ ಮುಗಿದ ಮೇಲೆ ಗ್ರೋ ಆಯ್ಕೆಯಲ್ಲಿ ಇಂಟರ್ನಲ್ ಬಿಟ್‌ಮ್ಯಾಪ್ ಸೇರಿಸಿ. ಬರೆಯುವ ವೇಗ ಸ್ವಲ್ಪ ತಗ್ಗಬಹುದು, ಪರವಾಗಿಲ್ಲ. ಎರಡೂ ಡಿಸ್ಕ್ ತಾಳೆ ನೋಡುವ ಚೆಕ್ ಕೂಡ ಒಮ್ಮೆ ಓಡಿಸಿ. ಅರೇ ಮೇಲೆ ಸ್ವಾಪ್ ಇದ್ದರೆ ಮಿಸ್‌ಮ್ಯಾಚ್ ಕೌಂಟ್ (ತಾಳೆಯಾಗದ ಭಾಗಗಳ ಎಣಿಕೆ) ಸೊನ್ನೆ ಬರದೇ ಇರಬಹುದು, ಅದಕ್ಕೆ ಗಾಬರಿ ಬೀಳಬೇಡಿ.