ಸುಮಾ, ನಿನ್ನ ತಂಗಿಯ ವಿಷಯಕ್ಕೆ

ಸುಮಾ, ನಿನ್ನ ತಂಗಿ ಹೆತ್ತು ತಿಂಗಳು ಕಳೆಯಿತು. ರಾತ್ರಿಯಿಡೀ ಮಗುವಿನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಾಳೆ, ಕೈ ತೊಳೆದು ತೊಳೆದು ಚರ್ಮ ಒಡೆದಿದೆ, ‘ನನ್ನ ಕೈಯಿಂದಲೇ ಮಗುವಿಗೆ ಏನಾದರೂ ಆದೀತು’ ಎಂದು ಅಳುತ್ತಾಳೆ, ಮಗುವನ್ನು ಸ್ವಲ್ಪ ದಿನ ಅಮ್ಮನ ಕೋಣೆಯಲ್ಲಿ ಮಲಗಿಸೋಣವೇ ಎಂದು ಕೇಳಿದ್ದೀ. ಬೇಡ. ಮಗುವನ್ನು ಅವಳಿಂದ ದೂರ ಮಾಡಬೇಡಿ. ನಿಮ್ಮಮ್ಮನಿಗೂ ಇದನ್ನು ಕೇಳಿಸು.

ಕಾಸರಗೋಡು ಕಡೆಯ ನಮ್ಮ ನೀರ್ಚಾಲಿನ ಮನೆಯ ಅಡುಗೆಕೋಣೆ ನಿಮಗೆಲ್ಲ ಗೊತ್ತೇ ಇದೆ. ಎರಡನೆಯವನು ಹುಟ್ಟಿದಾಗ ನನ್ನ ಬಾಣಂತನ ಅಲ್ಲಿಯೇ ಆಯಿತು. ಮೂಲೆಯಲ್ಲಿ ತರಕಾರಿ ಹೆಚ್ಚುವ ಮೆಟ್ಟುಕತ್ತಿಯನ್ನು ಕಂಡರೆ ಸಾಕು, ಮಗು ಅದರ ಮೇಲೆ ಬಿದ್ದಂತೆ, ನಾನೇ ಬೀಳಿಸಿದಂತೆ ಕಣ್ಣಿಗೆ ಕಟ್ಟುತ್ತಿತ್ತು, ಬೇಡವೆಂದಷ್ಟೂ ಬರುತ್ತಿತ್ತು. ಕತ್ತಿಗೆ ಗೋಣಿ ಮುಚ್ಚಿಸಿದೆ, ಆಮೇಲೆ ಅದನ್ನು ಅಟ್ಟಕ್ಕೆ ಹಾಕಿಸಿದೆ, ಕೊನೆಗೆ ಅಡುಗೆಕೋಣೆಯ ಹೊಸ್ತಿಲು ದಾಟುವುದನ್ನೇ ಬಿಟ್ಟೆ. ಧೈರ್ಯ ಮಾಡಿ ಮನೆಯ ಹಿರಿಯರಲ್ಲಿ ಹೇಳಿದ್ದೇ ತಡ, ಮಗುವನ್ನು ನನ್ನ ಮಗ್ಗುಲಿನಿಂದ ಎತ್ತಿಕೊಂಡು ಹೋದರು. ಹಾಲೂಡಿಸಲು ಮಾತ್ರ ತರುತ್ತಿದ್ದರು, ಆಗಲೂ ಎದುರಿಗೆ ಯಾರಾದರೂ ಕಾವಲು ಕುಳಿತಿರುತ್ತಿದ್ದರು. ಮಗುವಿಗೆ ನಾನೇ ಅಪಾಯ ಎಂಬ ನನ್ನ ಭಯಕ್ಕೆ ಮನೆಯವರೇ ಮುದ್ರೆ ಒತ್ತಿದಂತಾಯಿತು. ಗೀಳು ಇನ್ನಷ್ಟು ಬಲಿಯಿತು.

ಎಷ್ಟೋ ವರ್ಷಗಳ ಮೇಲೆ ಮಂಗಳೂರಿನ ಮನೋವೈದ್ಯರೊಬ್ಬರು ವಿವರಿಸಿದರು: ಇದು ಒಸಿಡಿ ಎಂಬ ಗೀಳುಕಾಯಿಲೆ, ಗರ್ಭಿಣಿ ಬಾಣಂತಿಯರಲ್ಲಿ ನೂರಕ್ಕೆ ಇಬ್ಬರಿಗಾದರೂ ಬರುವಂಥದ್ದು, ಆ ಯೋಚನೆಗಳು ತಾಯಿಯ ಬಯಕೆಯಲ್ಲ, ಅವುಗಳಿಗೆ ಎಲ್ಲರಿಗಿಂತ ಹೆಚ್ಚು ಹೆದರುವವಳು ಅವಳೇ. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ಮಗುವನ್ನು ಅವಳಿಂದ ದೂರ ಮಾಡಬೇಡಿ.

ಆಗಲೇ ಚಿಕಿತ್ಸೆ ಸಿಗಬಹುದಿತ್ತು. ನಮ್ಮ ಕಡೆಯ ಆಸ್ಪತ್ರೆಯೊಂದರಲ್ಲಿ ಮಲಯಾಳದಲ್ಲಿ ವಿಚಾರಿಸಿದರು. ಅಂಗಡಿಗೆ, ಬಸ್ಸಿಗೆ ಸಾಲುವ ಮಲಯಾಳ ನನಗೆ ಬರುತ್ತಿತ್ತು. ಹೆತ್ತ ಮಗುವಿನ ಬಗ್ಗೆ ಬರುವ ಇಂಥ ಯೋಚನೆಯನ್ನು ಅದರಲ್ಲಿ ಹೇಗೆ ಹೇಳಲಿ? ‘ನಿದ್ದೆ ಇಲ್ಲ’ ಎಂದಷ್ಟೇ ಹೇಳಿ ಟಾನಿಕ್ಕಿನ ಚೀಟಿ ಹಿಡಿದು ಬಂದೆ. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗಿನಿಂದ ನಮ್ಮ ಊರು ಕೇರಳದಲ್ಲಿದೆ, ಕನ್ನಡದವರಾದ ನಮ್ಮನ್ನು, ಭಾಷಾ ಅಲ್ಪಸಂಖ್ಯಾತರೆಂದು ಕಾಗದದಲ್ಲಿ ಬರೆದಿದ್ದಾರೆ. ಬಾಣಂತಿಯ ಮನಸ್ಸಿನ ಸಂಕಟ ಕೇಳುವಲ್ಲಿ ಕನ್ನಡ ಬಲ್ಲವರೊಬ್ಬರು ಬೇಕೆಂದು ಅಂದು ಅಲ್ಲಿ ಯಾರಿಗೂ ತೋಚಲಿಲ್ಲ. ಆ ನೋವು ನನಗೆ ಇಂದಿಗೂ ಇದೆ.

ಮಾಡಬೇಕಾದದ್ದನ್ನು ಹೇಳುವುದೇ ಉಳಿಯಿತು. ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ ಸರಕಾರದ ಟೆಲಿ ಮಾನಸ್ ಸಂಖ್ಯೆ 14416, ಹಗಲೂ ರಾತ್ರಿ ಉಚಿತ. ಕನ್ನಡದಲ್ಲಿ ಮಾತಾಡಬೇಕೆಂದು ಕೇಳಿ. ಈ ವಾರವೇ ಮನೋವೈದ್ಯರಿಗೆ ತೋರಿಸಿ. ಭಯ ಬಂದರೂ ಪದೇ ಪದೇ ತೊಳೆಯದೆ, ನೋಡದೆ ಇರಲು ಹಂತಹಂತವಾಗಿ ಕಲಿಸುವ ಚಿಕಿತ್ಸೆಯಿದೆ. ಸರ್ಟ್ರಾಲಿನ್‌ನಂಥ ಮಾತ್ರೆಯನ್ನು ಹಾಲೂಡಿಸುವವರಿಗೂ ಕೊಡುತ್ತಾರೆ, ಆದರೆ ವೈದ್ಯರನ್ನು ಕೇಳದೆ ಶುರು ಮಾಡಲೂಬಾರದು, ನಿಲ್ಲಿಸಲೂಬಾರದು. ಯಾರದೋ ಧ್ವನಿ ಕೇಳಿಸುತ್ತದೆ ಎಂದರೆ, ಆ ಯೋಚನೆಗಳೇ ಸರಿ ಎನ್ನತೊಡಗಿದರೆ, ನಿದ್ದೆಯೇ ಬೇಡವೆಂಬಂತೆ ಓಡಾಡಿದರೆ ಅದು ಬೇರೆ ಕಾಯಿಲೆ. ಆಗ ಮಾತ್ರ ತಾಯಿ ಮಗು ಇಬ್ಬರನ್ನೇ ಬಿಡದೆ ಆ ದಿನವೇ ಆಸ್ಪತ್ರೆಗೆ ಸೇರಿಸಿ. ವೈದ್ಯರಲ್ಲಿಗೆ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ, ಎದೆಹಾಲು ಕೊಡುತ್ತಿದ್ದಾಳೆಂದು ಮೊದಲೇ ತಿಳಿಸಿ.