ಎರಿಥೀಮಾ ನೋಡೋಸಮ್‌ಗೆ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ. ನಮ್ಮತ್ತಿಗೆಗೆ ಗಂಟಲು ನೋವು ಬಂದು ವಾಸಿಯಾಗಿ ಎರಡ್ಮೂರು ವಾರಕ್ಕೆ ಎರಡೂ ಕಾಲಲ್ಲಿ, ಮಂಡಿ ಕೆಳಗೆ ಮುಂದುಗಡೆ ಎಲುಬಿನ ಮೇಲೆ, ಕೆಂಪಗೆ ಬಿಸಿಬಿಸಿ ಗಂಟು ಎದ್ದಿವೆ, ಸೀರೆ ನೆರಿಗೆ ತಾಗಿದ್ರೂ ಹಾ ಅಂತಾರೆ. ಡಾಕ್ಟ್ರು ಚೀಟೀಲಿ ಬರೆದಿರೋದು ಎರಿಥೀಮಾ ನೋಡೋಸಮ್. ಇದನ್ನ ಮನೇಲಿ ಯಾವ ಮಾತಲ್ಲಿ ಹೇಳೋದು ಅನ್ನೋದೇ ನನ್ನ ಪ್ರಶ್ನೆ.

ಕುರು ಅನ್ನೋ ಹಾಗಿಲ್ಲ. ಕುರು ಅಂದ್ರೆ ಕೀವು ತುಂಬಿ ಹಣ್ಣಾಗಿ ಒಡೀಬೇಕು, ಇದು ಒಡೆಯೋದೂ ಇಲ್ಲ ಗಾಯದ ಗುರುತು ಬಿಡೋದೂ ಇಲ್ಲ, ಉರಿಯೂತ ಇರೋದು ಚರ್ಮದಡಿಯ ಕೊಬ್ಬಲ್ಲಿ. ಸಾಲದ್ದಕ್ಕೆ ಕುರು ಅಂತ ಬಾಯಿಬಿಟ್ರೆ ಸಾಕು, ನಮ್ಮಮ್ಮ ಹಿಂಡೋಕೆ ಕೂತುಬಿಡ್ತಾರೆ! ಗಡ್ಡೆ ಅಂದ್ರೆ ಕ್ಯಾನ್ಸರ್ ಅಂತ ಗಾಬರಿ. ಚರ್ಮಗಂಟು ಅಂದ್ರೆ 2022ರಲ್ಲಿ ದನಗಳಿಗೆ ಬಂತಲ್ಲ ಅದು. ಗಂಟು ನೋವು ಅಂದ್ರೆ ಕೀಲು ನೋವು ಅಂದ್ಕೋತಾರೆ, ಇದರ ಜೊತೆ ಎಷ್ಟೋ ಜನಕ್ಕೆ ಮಂಡಿ, ಪಾದದ ಕೀಲೂ ನೋಯೋದ್ರಿಂದ ಇನ್ನೂ ಗೋಜಲು.

ಮೂಲದಲ್ಲಿ ಗ್ರೀಕಿನ ಕೆಂಪು, ಲ್ಯಾಟಿನ್ನಿನ ಗಂಟು ಸೇರಿ ಆಗಿರೋ ಹೆಸರು. ಹಾಗಾಗಿ ಕೆಂಗಂಟು ಅನ್ನಬಹುದಾ ಅಂತ ನನ್ನ ಯೋಚನೆ. ಆದ್ರೆ ಕೆಂಪು ಬಹಳ ದಿನ ಉಳಿಯಲ್ಲ, ಬರ್ತಾ ಬರ್ತಾ ನೇರಳೆಗೆ ತಿರುಗಿ, ಆಮೇಲೆ ಏಟು ಬಿದ್ದ ಜಾಗದ ಥರ ಹಸಿರು ಹಳದಿ ಆಗಿ ಕೆಲವು ವಾರಕ್ಕೆ ಮಾಯ. ನಮ್ಮಂಥ ಕಪ್ಪು ಮೈಬಣ್ಣದೋರಲ್ಲಿ ಕೆಂಪು ಕಾಣೋದೇ ಕಷ್ಟ, ಮುಟ್ಟಿದ್ರೇ ಗೊತ್ತಾಗೋದು.

ಇನ್ನೊಂದು, ಕೊನೇಲಿ ರೋಗ ಅಂತ ಸೇರಿಸ್ಬೇಕಾ? ನನಗೇನೋ ಬೇಡ ಅನ್ಸುತ್ತೆ. ಇದು ಒಳಗಿನ ಬೇರೆ ಯಾವುದಕ್ಕೋ ಮೈ ತೋರಿಸೋ ಪ್ರತಿಕ್ರಿಯೆ: ಗಂಟಲಿಗೆ ಸ್ಟ್ರೆಪ್ ಅನ್ನೋ ಬ್ಯಾಕ್ಟೀರಿಯಾದ ಸೋಂಕು, ಟಿಬಿ, ಸಲ್ಫಾ ಜಾತಿಯ ಆಂಟಿಬಯೋಟಿಕ್ ಮಾತ್ರೆ, ಗರ್ಭನಿರೋಧಕ ಮಾತ್ರೆ, ಕರುಳಿನ ಕಾಯಿಲೆ, ಕೆಲವರಿಗೆ ಬಸುರಲ್ಲೂ ಬರುತ್ತೆ, ಎಷ್ಟೋ ಸಲ ಕಾರಣವೇ ಸಿಗಲ್ಲ. ಅತ್ತಿಗೆಗೂ ಎದೆ ಎಕ್ಸ್‌ರೇ, ಟಿಬಿಗೆ ಕೈಗೆ ಚುಚ್ಚೋ ಟೆಸ್ಟು ಎಲ್ಲಾ ಮಾಡಿಸಿದ್ರು, ಟಿಬಿ ಇದ್ದು ಗೊತ್ತಾಗದೆ ಉರಿಯೂತ ತಗ್ಗಿಸೋಕೆ ಸ್ಟೀರಾಯ್ಡ್ ಕೊಟ್ರೆ ಟಿಬಿ ಕೆರಳುತ್ತಲ್ಲ. ಸದ್ಯಕ್ಕೆ ನೋವಿನ ಮಾತ್ರೆ, ಕಾಲು ದಿಂಬಿನ ಮೇಲಿಟ್ಟು ರೆಸ್ಟು ಅಷ್ಟೇ. (ಕುಷ್ಠದಲ್ಲಿ ಬರೋ, ಹೆಸರು ಹೆಚ್ಚುಕಮ್ಮಿ ಇದೇ ಥರ ಇರೋ ತೊಂದರೆ ಬೇರೆ, ಎರಡನ್ನೂ ಕಲಸಬೇಡಿ.)

ಕೆಂಗಂಟು ನಿಮ್ಮ ಕಿವಿಗೆ ಹೇಗೆ ಕೇಳುತ್ತೆ? ಧಾರವಾಡ, ಮಂಗಳೂರು ಕಡೆಯೋರು ಮನೆಮಾತಲ್ಲಿ ಇಂಥ ಗಂಟಿಗೆ ಏನಾದ್ರೂ ಅಂತಿದ್ರೆ ಹೇಳಿ, ಹೊಸದಾಗಿ ಕಟ್ಟಿದ್ದಕ್ಕಿಂತ ಅದೇ ವಾಸಿ.