ಅಪ್ಪನ ಎಲ್‌ಡಿಎಲ್ 168 ಬಂದಿದೆ, ತೆಂಗಿನೆಣ್ಣೆ ಬಿಡಿಸಲೇಬೇಕಾ?

ಪುತ್ತೂರು ಮಗಳು:
ಅಪ್ಪನಿಗೆ 61. ಊರಲ್ಲಿ ತೋಟ ನೋಡಿಕೊಂಡಿದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಬಿಪಿ ಮಾತ್ರೆ ಮೊದಲಿಂದಲೂ ಇದೆ. ಈಗಿನ ರಿಪೋರ್ಟ್: ಒಟ್ಟು ಕೊಲೆಸ್ಟ್ರಾಲ್ 248, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 38, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 210, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168. ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟರೆ ಅಪ್ಪ ಆ ಚೀಟಿಯನ್ನು ಮಡಚಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದಾರೆ. ಊಟದಲ್ಲೇ ಸರಿ ಮಾಡುತ್ತೇನೆ ಅಂತ ಹಟ.

ಮನೆಯಲ್ಲಿ ಎಣ್ಣೆ ಅಂದ್ರೆ ತೆಂಗಿನೆಣ್ಣೆ ಒಂದೇ. ನಮ್ಮದೇ ಕೊಬ್ಬರಿ, ಗಾಣಕ್ಕೆ ಕೊಟ್ಟು ಆಡಿಸಿ ತರುವುದು. ಒಗ್ಗರಣೆ, ಪಲ್ಯ, ಹಲಸಿನ ಹಪ್ಪಳ ಎಲ್ಲಾ ಅದರಲ್ಲೇ. ಬೆಳಗ್ಗೆ ಕುಚ್ಚಲಕ್ಕಿ ಗಂಜಿಗೆ ತುಪ್ಪ. ಸಂಜೆ ಪೇಟೆಗೆ ಹೋದರೆ ಬೇಕರಿಯ ಪಫ್ಸ್. ಅತ್ತೆ ತೆಂಗಿನೆಣ್ಣೆ ವಿಷ ಅಂತಾರೆ. ಚಿಕ್ಕಪ್ಪ ಅದೇ ಅಮೃತ ಅಂತ ದಿನಾ ಫಾರ್ವರ್ಡ್ ಕಳಿಸ್ತಾರೆ. ಯಾರ ಮಾತು ಕೇಳೋಣ?

ಅಡಿಕೆ ಮಂಡಿ:
ಎಂತ ಇಲ್ಲ ಮಾರಾಯ್ರೆ, ಧೈರ್ಯವಾಗಿ ತಿನ್ನಲಿ. ನಮ್ಮಜ್ಜ ಅದನ್ನೇ ತಿಂದು ತೊಂಬತ್ತು ದಾಟಿದರು. ತೆಂಗಿನೆಣ್ಣೆಯಿಂದ ಒಳ್ಳೆ ಕೊಲೆಸ್ಟ್ರಾಲ್ ಏರ್ತದೆ, ಗೊತ್ತುಂಟಾ?

ಲ್ಯಾಬ್ ಮೇಷ್ಟ್ರು, ಶಿವಮೊಗ್ಗ:
ನಾನು ಡಾಕ್ಟರಲ್ಲ. ರಕ್ತ ಪರೀಕ್ಷೆ ಮಾಡುತ್ತಲೇ ರಿಟೈರ್ ಆದವನು. ಲಿಪಿಡ್ ರಿಪೋರ್ಟ್ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದು, "ಸಾರ್, ಇದಕ್ಕೆ ತುಪ್ಪ ಬಿಡಬೇಕಾ?" ಅಂತ ಕೇಳಿದವರಿಗೆ ಲೆಕ್ಕವಿಲ್ಲ.

ಮೊದಲು ರಿಪೋರ್ಟ್ ನೋಡೋಣ. 248ರಲ್ಲಿ 38 ಕಳೆಯಿರಿ. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ 42, ಅದನ್ನೂ ಕಳೆಯಿರಿ. 168 ಬಂತಲ್ವಾ? ಎಷ್ಟೋ ಲ್ಯಾಬುಗಳು ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವುದಿಲ್ಲ, ಹೀಗೆ ಲೆಕ್ಕ ಹಾಕುತ್ತವೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯಲ್ಲ. ನಿಮ್ಮ ತಂದೆಯವರ ರಿಪೋರ್ಟಿನ ಲೆಕ್ಕ ಸರಿಯಾಗಿಯೇ ಇದೆ.

ಇನ್ನು ಎಣ್ಣೆ. ನಮ್ಮ ಮೈಯಲ್ಲಿರುವ ಕೊಲೆಸ್ಟ್ರಾಲಿನಲ್ಲಿ ಹೆಚ್ಚಿನದು ಮೈಯೇ ಮಾಡಿಕೊಂಡದ್ದು. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆಯುವ ಕೊಕ್ಕೆಗಳು ಲಿವರ್ ಮೇಲಿವೆ. ರಿಸೆಪ್ಟರ್ ಅಂತಾರೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪದ ಹಾಗೆ ತಣ್ಣಗಾದರೆ ಗಟ್ಟಿಯಾಗುವ ಬಗೆಯದ್ದು, ಜಾಸ್ತಿ ತಿಂದರೆ ಆ ಕೊಕ್ಕೆಗಳು ಕಮ್ಮಿಯಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ. ಸ್ಟ್ಯಾಟಿನ್ ಮಾಡುವುದು ಇದರ ಉಲ್ಟಾ ಕೆಲಸ. ಹಾಗಾಗಿ ಬಾಟಲಿ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಅಂತ ಬರೆದದ್ದನ್ನು ನೋಡಿ ಮರುಳಾಗಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಕೇಳಬೇಕಾದ್ದು ಸ್ಯಾಚುರೇಟೆಡ್ ಎಷ್ಟು ಅಂತ.

ತೆಂಗಿನೆಣ್ಣೆಯಲ್ಲಿ ಅದು ನೂರಕ್ಕೆ 80ರ ಮೇಲೆ. ತುಪ್ಪದಲ್ಲಿ 60ರ ಮೇಲೆ. ಶೇಂಗಾ ಎಣ್ಣೆಯಲ್ಲಿ 20ರ ಒಳಗೆ. ಗಾಣದ್ದಾದರೂ ಅಷ್ಟೇ, ಮಿಲ್ಲಿನದಾದರೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಟ್ಟು ಕ್ಯಾಲರಿಯಲ್ಲಿ ನೂರಕ್ಕೆ 10. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ 22 ಗ್ರಾಂ ಆಯಿತು. ದೊಡ್ಡ ಚಮಚದಲ್ಲಿ ಒಂದು ಚಮಚ ತೆಂಗಿನೆಣ್ಣೆ ಹಾಕಿದರೆ ಅರ್ಧ ಅಲ್ಲೇ ಮುಗಿಯಿತು. ಕಾಯಿತುರಿಯಲ್ಲೂ ಮೂರರಲ್ಲೊಂದು ಪಾಲು ಅದೇ ಕೊಬ್ಬು. ಆದರೆ ಸಾಂಬಾರಿಗೆ ಅರೆದದ್ದು ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ನಾರೂ ಸಿಗುತ್ತದೆ. ನಾನಾಗಿದ್ದರೆ ಅದರ ತಂಟೆಗೆ ಹೋಗದೆ ಹಪ್ಪಳದ ಬಾಣಲೆ ಇಳಿಸುತ್ತಿದ್ದೆ. ಬಾಣಲೆಗೆ ಎಷ್ಟು ಸುರಿದಿರಿ, ಕರಿದ ಮೇಲೆ ಎಷ್ಟು ಉಳಿಯಿತು ಅಂತ ಒಮ್ಮೆ ಅಳೆದು ನೋಡಿ, ಮಿಕ್ಕ ಮಾತನ್ನು ಹಪ್ಪಳವೇ ಹೇಳುತ್ತದೆ. ಕೆಂಡದಲ್ಲಿ ಸುಟ್ಟ ಹಪ್ಪಳಕ್ಕೆ ರುಚಿ ಕಮ್ಮಿಯೇನಿಲ್ಲ.

ಮಂಡಿಯವರೇ, ನಿಮ್ಮ ಮಾತು ಅರ್ಧ ನಿಜ. ಬೇರೆ ಅಡುಗೆ ಎಣ್ಣೆಗಳ ಜೊತೆ ಹೋಲಿಸಿದ ಪ್ರಯೋಗಗಳನ್ನು 2020ರಲ್ಲಿ ಒಟ್ಟು ಸೇರಿಸಿ ನೋಡಿದಾಗ, ತೆಂಗಿನೆಣ್ಣೆ ತಿಂದವರಲ್ಲಿ ಎಚ್‌ಡಿಎಲ್ ಸುಮಾರು 4 ಏರಿತ್ತು. ಎಲ್‌ಡಿಎಲ್ ಸುಮಾರು 10 ಏರಿತ್ತು! ಎಚ್‌ಡಿಎಲ್ ಏರಿದ ಮಾತ್ರಕ್ಕೆ ಹಾರ್ಟಿಗೆ ಲಾಭ ಅಂತ ಹೇಳಲು ಬರುವುದಿಲ್ಲ. ಅದನ್ನೇ ಏರಿಸಲು ಟಾರ್ಸೆಟ್ರಾಪಿಬ್ ಅಂತ ಮಾತ್ರೆ ಮಾಡಿದ್ದರು. ಚೆನ್ನಾಗಿಯೇ ಏರಿಸಿತು. ಆದರೆ ತೆಗೆದುಕೊಂಡವರಲ್ಲಿ ಸಾವು ಜಾಸ್ತಿ ಕಂಡಿತು ಅಂತ 2006ರಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. ಅಜ್ಜನವರ ಕಾಲದಲ್ಲಿ ಬೇಕರಿ ಎಷ್ಟಿತ್ತು, ಬೈಕ್ ಎಷ್ಟಿತ್ತು ಅಂತಲೂ ಸ್ವಲ್ಪ ಯೋಚಿಸಿ.

ಪಫ್ಸ್ ಪದರ ಪದರವಾಗಿ ಏಳುವುದೇ ಗಟ್ಟಿ ಕೊಬ್ಬಿನಿಂದ. ಡಾಲ್ಡಾದಂಥ ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಕೆಟ್ಟ ಕೊಬ್ಬು) ನೂರಕ್ಕೆ 2 ಮೀರಬಾರದು ಅಂತ 2022ರಿಂದ ನಿಯಮ ಇದೆ. ಒಳ್ಳೆಯದೇ. ಆದರೂ ಸ್ಯಾಚುರೇಟೆಡ್ ಅಲ್ಲೇ ಇದೆಯಲ್ಲ.

ಒಂದು ಎಚ್ಚರಿಕೆ. ತುಪ್ಪ ಬಿಡಿಸಿ ಎರಡು ಸೌಟು ಅನ್ನ ಜಾಸ್ತಿ ಬಡಿಸಿದರೆ ಏನೂ ಸಿಗಲ್ಲ. ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 38 ಅಂದರೆ ಅನ್ನ, ಸಕ್ಕರೆ, ಹೊಟ್ಟೆಯ ಬೊಜ್ಜಿನ ಕಡೆಗೂ ನೋಡಬೇಕು. ಕೊಬ್ಬು ಕಮ್ಮಿ ಮಾಡಿದ ಜಾಗಕ್ಕೆ ಹುರುಳಿ, ಹೆಸರುಕಾಳು, ಬಸಳೆ ಬರಲಿ.

ಮತ್ತೆ ಆ ಚೀಟಿ. ಊಟದಿಂದ ಎಲ್‌ಡಿಎಲ್ ಇಳಿಯುತ್ತದೆ, ಆದರೆ 168ರಿಂದ ಡಾಕ್ಟರುಗಳು ಸಾಮಾನ್ಯವಾಗಿ ಬಯಸುವ 100ರ ಕೆಳಗೆ ಇಳಿಸುವುದು ಅದೊಂದರಿಂದ ತುಂಬಾ ಕಷ್ಟ. ಬಿಪಿ ಬೇರೆ ಇದೆ. ಮಾತ್ರೆ ಬೇಡ ಅನ್ನುವುದಾದರೆ ಬರೆದ ಡಾಕ್ಟರ ಎದುರಿಗೇ ಕೂತು ಅನ್ನಲಿ.

ಗದಗ ಖಡಕ್ ರೊಟ್ಟಿ:
ನಮ್ಮ ಕಡೆ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ. ತೆಂಗಿನೆಣ್ಣೆ ತಲೆಗೆ ಅಷ್ಟೇ ರೀ. ಆದರೂ 38ನೇ ವಯಸ್ಸಿಗೆ ನನ್ನ ಎಲ್‌ಡಿಎಲ್ 190 ದಾಟಿತ್ತು, ಅಣ್ಣನದ್ದೂ ಹಂಗೇ. ವಂಶದಿಂದ ಬಂದದ್ದು, ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ ಅಂದರು ಡಾಕ್ಟರು. ಮಾತ್ರೆ ತಗೊಳ್ಳುತ್ತಿದ್ದೇನೆ, ಆರಾಮ ಇದ್ದೇನೆ. ಸರ್, ಮೊಟ್ಟೆಯ ಹಳದಿ ತಿನ್ನಬಹುದಾ?

ಲ್ಯಾಬ್ ಮೇಷ್ಟ್ರು, ಶಿವಮೊಗ್ಗ:
ಒಂದು ಹಳದಿಯಲ್ಲಿ 200 ಮಿಲಿಗ್ರಾಂ ಹತ್ತಿರ ಕೊಲೆಸ್ಟ್ರಾಲ್ ಇದೆ. ಆದರೆ ಹೆಚ್ಚಿನವರಲ್ಲಿ ಎಲ್‌ಡಿಎಲ್ ಏರಿಸುವುದರಲ್ಲಿ ಸ್ಯಾಚುರೇಟೆಡ್ ಕೊಬ್ಬಿನದ್ದೇ ದೊಡ್ಡ ಪಾಲು. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಅಂತಿದ್ದ ಮಿತಿಯನ್ನು ಅಮೆರಿಕದ ಆಹಾರ ಸಲಹೆಯಿಂದ 2015ರ ಆವೃತ್ತಿಯಲ್ಲಿ ತೆಗೆದರು. ನಿಮ್ಮದು ವಂಶದ್ದಾದ್ದರಿಂದ ನಿಮ್ಮ ಡಾಕ್ಟರನ್ನೇ ಕೇಳಿ.

ಪುತ್ತೂರು ಮಗಳು:
ಮೇಷ್ಟ್ರೇ, ಥ್ಯಾಂಕ್ಸ್. ಅಪ್ಪನಿಗೆ ಫೋನಿನಲ್ಲೇ ಓದಿ ಹೇಳಿದೆ. ಒಗ್ಗರಣೆಗೆ ಒಂದು ಸಣ್ಣ ಚಮಚ ತೆಂಗಿನೆಣ್ಣೆ ಇರಲಿ, ಬಾಕಿ ಅಡುಗೆಗೆ ಶೇಂಗಾ ಎಣ್ಣೆ ಅಂತ ಅಮ್ಮ ತೀರ್ಮಾನ ಮಾಡಿದ್ದಾರೆ. ಪಫ್ಸ್ ವಿಷಯದಲ್ಲಿ ಅಪ್ಪ ಏನೂ ಹೇಳಲಿಲ್ಲ, ಹೂಂ ಅಂದರು ಅಷ್ಟೇ. ಚೀಟಿ ಹಿಡಿದು ಶನಿವಾರ ಡಾಕ್ಟರ ಹತ್ತಿರ ಹೋಗುತ್ತಾರೆ. ಮತ್ತೆ ಯಾವಾಗ ಟೆಸ್ಟ್ ಮಾಡಿಸಬೇಕು?

ಲ್ಯಾಬ್ ಮೇಷ್ಟ್ರು, ಶಿವಮೊಗ್ಗ:
ಮಾತ್ರೆ ಶುರು ಮಾಡಿದರೆ ಒಂದರಿಂದ ಮೂರು ತಿಂಗಳೊಳಗೆ, ಆದಷ್ಟು ಅದೇ ಲ್ಯಾಬಿನಲ್ಲಿ. ಶನಿವಾರ ಹೋದಾಗ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮತ್ತು ಶುಗರ್ ನೋಡಿದ್ದಾರಾ ಕೇಳಿ. ಥೈರಾಯ್ಡ್ ಕಮ್ಮಿ ಇದ್ದರೂ ಎಲ್‌ಡಿಎಲ್ ಏರುತ್ತದೆ. ಅಜ್ಜ, ದೊಡ್ಡಪ್ಪ ಯಾರಿಗಾದರೂ ಐವತ್ತರ ಆಸುಪಾಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ ಅದನ್ನೂ ಹೇಳಿ. ಆಗಿದ್ದರೆ ನಿಮ್ಮ ಲಿಪಿಡ್ಡೂ ಒಮ್ಮೆ ನೋಡಿಸಿ ಮಗಳೇ.